ವಿಕಿರಣ ತಾಕದ ಗಂಡ

ಬಾಹ್ಯಾಕಾಶದ ವಿಕಿರಣವು ಮನುಷ್ಯನ ಮೂಳೆಯನ್ನೂ ಯಂತ್ರದ ಮಿದುಳನ್ನೂ ಯಾವ ಪಕ್ಷಪಾತವಿಲ್ಲದೆ ತೂರಿಹೋಗುತ್ತದೆ. ಅದಕ್ಕೆ ಹುದ್ದೆ, ದರ್ಜೆ, ಸೇವಾ ಹಿರಿತನ ಯಾವುದರ ಪರಿವೆಯೂ ಇಲ್ಲ. ಆದಕಾರಣ ಒಬ್ಬ ನೌಕರನು ತನ್ನ ಇಡೀ ಸೇವಾವಧಿಯಲ್ಲಿ ಇಂತಿಷ್ಟೇ ವಿಕಿರಣಕ್ಕೆ ಒಳಗಾಗತಕ್ಕದ್ದು ಎಂದು ಅಂತರಿಕ್ಷ ಇಲಾಖೆಯು ನಿಯಮ ಮಾಡಿತ್ತು.

ಕಕ್ಷೆಯ ನಿಲ್ದಾಣದಲ್ಲಿ ಒಬ್ಬನೇ ಇದ್ದ ಮೆಕ್ಯಾನಿಕ್ ಹೊರಗೆ ನಿಂತು ಆಂಟೆನಾ ರಿಪೇರಿ ಮಾಡುತ್ತಿದ್ದಾಗ ಸೂರ್ಯ ಕೆರಳಿದ. ಒಳಗೆ ಓಡಿಬರುವಷ್ಟರಲ್ಲಿ ಅವನ ಎದೆಯ ಮೇಲಿದ್ದ ವಿಕಿರಣದ ಅಳತೆಪಟ್ಟಿ ಕೆಂಪಾಗಿತ್ತು.

"ಸಾರ್, ನನ್ನ ಪಾಲಿನ ವಿಕಿರಣ ಮುಗೀತು," ಎಂದು ಅವನು ನಿರ್ದೇಶಕರಿಗೆ ತಿಳಿಸಿದ. "ಕಣ್ಣು ಮುಚ್ಚಿದರೆ ಮಿಂಚು ಹೊಡೆದ ಹಾಗಾಗುತ್ತೆ. ಕೆಳಗೆ ಕರೆಸ್ಕೊಳ್ಳಿ."

"ಕರೆಸೋಕೆ ನೌಕೆ ಬೇಕಲ್ಲಪ್ಪ. ಅದರ ಕಂಪ್ಯೂಟರಿಗೂ ಇದೇ ಏಟು ಬಿದ್ದಿದೆ. ಬಲ ಯಾವುದು ಎಡ ಯಾವುದು ಅಂತ ಮರೆತು ಕೂತಿದೆ."

"ನಿಯಮದ ಪ್ರಕಾರ ನಾನು ಇನ್ನು ಇಲ್ಲಿರೋ ಹಾಗಿಲ್ಲ ಸಾರ್."

"ಖಂಡಿತ ಇರೋ ಹಾಗಿಲ್ಲ," ನಿರ್ದೇಶಕರು ಮರುಗಿದರು. "ಬೇರೆಯವರನ್ನ ಹಾಕ್ತೀವಿ."

ಸಂಜೆಯೊಳಗೆ ಆದೇಶ ಹೊರಬಿತ್ತು: "ಸದರಿ ಮೆಕ್ಯಾನಿಕರು ನಿವೃತ್ತರಾಗಿ ಸ್ವಗೃಹ ಸೇರಿದ್ದಾರೆಂದು ಭಾವಿಸತಕ್ಕದ್ದು. ತೆರವಾದ ಸ್ಥಾನಕ್ಕೆ, ಸ್ಥಳದಲ್ಲೇ ಲಭ್ಯವಿದ್ದ ಅರ್ಹ ವ್ಯಕ್ತಿಯೊಬ್ಬರನ್ನು ಹೊಸದಾಗಿ ನೇಮಿಸಲಾಗಿದೆ. ಹೊಸಬರ ವಿಕಿರಣ ಪ್ರಮಾಣ ಸೊನ್ನೆ."

ಬೀಳ್ಕೊಡುಗೆ ಸಭೆ ಚೆನ್ನಾಗಿ ನಡೆಯಿತು. ನಿರ್ದೇಶಕರ ಭಾಷಣವನ್ನು ಪರದೆಯ ಮೇಲೆ ನೋಡುತ್ತಿದ್ದ ಹೊಸಬನಿಗೆ, ಇಷ್ಟು ಒಳ್ಳೆಯ ಮನುಷ್ಯನ ಜಾಗಕ್ಕೆ ತಾನು ಬಂದೆನಲ್ಲ ಎಂದು ಸಂಕೋಚವಾಯಿತು. ಮರುದಿನ ಕಣ್ಣಿನ ಮಿಂಚಿನ ಬಗ್ಗೆ ದೂರಿದಾಗ ಇಲಾಖೆಯ ವೈದ್ಯರು ಗದರಿಸಿದರು: "ಅದು ಹಿಂದಿನವರ ಕಾಯಿಲೆ ಕಣ್ರೀ. ನಿನ್ನೆ ಸೇರಿದವರು ನೀವು. ಇಷ್ಟು ಬೇಗ ಹಿರಿಯರ ಕಾಯಿಲೆಗೆ ಕೈ ಹಾಕಬೇಡಿ."

ಹೊಲಿಗೆ ಅಂಗಡಿ ನಡೆಸುತ್ತಿದ್ದ ಅವನ ಹೆಂಡತಿ ಪರದೆಯ ಮೇಲೆ ಗಂಡನೊಡನೆ ವಾರದ ಮಾತುಕತೆಗೆಂದು ಇಲಾಖೆಯ ಕಚೇರಿಗೆ ಬಂದಳು. ಗುಮಾಸ್ತರು ತಡೆದರು.

"ದಾಖಲೆ ಪ್ರಕಾರ ಈಗ ಮೇಲಿರೋ ಹೊಸಬರು ಅವಿವಾಹಿತರು ತಾಯಿ. ನಿಮ್ಮ ಯಜಮಾನರು ಮನೆಗೆ ಬಂದಾಗಿದೆ."

"ಮನೇಲಿಲ್ವಲ್ಲ!"

"ಅದು ನಿಮ್ಮ ಸಂಸಾರದ ವಿಷಯ. ಇಲಾಖೆ ತಲೆಹಾಕೋದಿಲ್ಲ."

ನೌಕೆಗೆ ಎಡಬಲದ ನೆನಪು ಬಂದ ಮೇಲೆ ಹೊಸಬ ಕೆಳಗಿಳಿದ. ರಕ್ತದಲ್ಲಿ ಬಿಳಿಕಣಗಳು ಅರ್ಧಕ್ಕರ್ಧ ಸತ್ತಿದ್ದವು. ವಿಕಿರಣವೇ ತಾಕದವನಿಗೆ ಹೀಗಾಗಿದ್ದು ವೈದ್ಯಲೋಕದ ವಿಸ್ಮಯವೆಂದು ದಾಖಲಿಸಿ ಅವನನ್ನು ಆಸ್ಪತ್ರೆಗೆ ಸೇರಿಸಲಾಯಿತು. ಒಳಗೆ ಸಂಬಂಧಿಕರಿಗಷ್ಟೇ ಪ್ರವೇಶ. ಅವಳು ಗಾಜಿನಾಚೆ ನಿಂತು ಕೈಬೀಸಿದಳು. ಅವನೂ ಎರಡೂ ಕೈ ಎತ್ತಿದ. ಕಾವಲುಗಾರ ಪರದೆ ಎಳೆದ.

ಅಂದು ಅಂಗಡಿಯಲ್ಲಿ ಅವಳು ಒಂದೇ ತೋಳನ್ನು ಮತ್ತೆ ಮತ್ತೆ ತಪ್ಪಾಗಿ ಹೊಲಿದು ಬಿಚ್ಚುತ್ತಿದ್ದಳು. ಕೋಟು ಹೊಲಿಸಲು ಬಂದ ವಕೀಲರು ಎಲ್ಲವನ್ನೂ ಕೇಳಿ, "ನಿವೃತ್ತಿಯಾದ ಗಂಡ ಮನೆಗೇ ಬಂದಿಲ್ಲ ತಾನೆ? ಇದು ಹೆಂಡತಿಯನ್ನ ಬಿಟ್ಟುಹೋದ ಪ್ರಕರಣ!" ಎಂದು ಎದ್ದುನಿಂತರು.

ಗಂಡ ಮನೆಗೆ ಹೋದನೆಂದು ಇಲಾಖೆ ಪ್ರಮಾಣ ಮಾಡಿತು. ಬರಲಿಲ್ಲವೆಂದು ನೆರೆಯವರು ಪ್ರಮಾಣ ಮಾಡಿದರು. ಇಬ್ಬರ ಮಾತನ್ನೂ ನಂಬಿದ ನ್ಯಾಯಾಲಯ ವಿಚ್ಛೇದನ ಕೊಟ್ಟಿತು. ಅದೇ ವಾರ ಅವಳು ಆಸ್ಪತ್ರೆಯಲ್ಲಿದ್ದ ಅವಿವಾಹಿತನನ್ನು ಮದುವೆಯಾದಳು. ಸಾಕ್ಷಿ ಹಾಕಿದ ನಿರ್ದೇಶಕರು, "ಈ ಸಲ ಒಳ್ಳೇ ಹುಡುಗ ಸಿಕ್ಕಿದಾನಮ್ಮ, ಕಿರಣದ ಸೋಂಕೇ ಇಲ್ಲ," ಎಂದು ಹರಸಿದರು.

ಮನೆಗೆ ಬಂದ ಅವನನ್ನು ನೋಡಲು ನೆರೆಯವರೆಲ್ಲ ಸೇರಿದರು. ಮಾತು ಹಳೆಯ ಗಂಡನ ಕಡೆ ತಿರುಗಿತು. ಹಾಸಿಗೆಯ ಮೇಲೆ ಒರಗಿದ್ದ ಮೆಕ್ಯಾನಿಕ್‌ಗೆ ಸಿಟ್ಟು ನೆತ್ತಿಗೇರಿತು.

"ಇಂಥ ಹೆಂಡತೀನ ಬಿಟ್ಟು ಎಲ್ಲಿಗೆ ಹಾಳಾಗಿಹೋದನೋ! ಕೈಗೆ ಸಿಕ್ಕರೆ ನಾನೇ ವಿಚಾರಿಸ್ಕೋತೀನಿ."

"ಹೋಗ್ಲಿ ಬಿಡಿ, ಅವರೂ ಕೆಟ್ಟವರಾಗಿರಲಿಲ್ಲ," ಎಂದು ಅವಳು ಮಾತ್ರೆ, ನೀರು ಮುಂದಿಟ್ಟಳು.

ಎಂಥ ದೊಡ್ಡ ಮನಸ್ಸು ಎಂದು ನೆರೆಯವರು ತಲೆದೂಗಿದರು. ಅವನೂ ತಲೆದೂಗಿದ.