ಶಿರಹಟ್ಟಿಯ ಜಿನೀವಾ

ಮೊದಲ ಮಹಾಯುದ್ಧ ತಮ್ಮಿಂದಲೇ ಆಯಿತೇನೋ ಎಂಬಂತೆ ಜೀವನವಿಡೀ ಮರುಗಿದ ಒಬ್ಬನೇ ಒಬ್ಬ ಮನುಷ್ಯ ಈ ಭೂಮಿಯ ಮೇಲಿದ್ದರೆ, ಅವರು ಬೆಟಗೇರಿಯ ನಮ್ಮ ಕಾಕಾ! ಆ ಯುದ್ಧ ಮುಗಿದಾಗ ಅವರಿನ್ನೂ ಹುಟ್ಟಿಯೇ ಇರಲಿಲ್ಲ, ಆ ಮಾತು ಬೇರೆ.

ಕಾಕಾ ಇತಿಹಾಸದ ಮಾಸ್ತರು. ರಾಷ್ಟ್ರಸಂಘ ಹುಟ್ಟಿದ ಪಾಠಕ್ಕೆ ಬಂದರೆಂದರೆ ಮುಗಿಯಿತು, ಯಾರ ಪಕ್ಷಕ್ಕೂ ಸೇರದ ಊರೆಂದು ಆ ಸಂಘ ಕೂಡುತ್ತಿದ್ದ ಜಿನೀವಾ ಬಿಟ್ಟು ಹೊರಡುತ್ತಲೇ ಇರಲಿಲ್ಲ. "ಇನ್ನ ಯುದ್ಧ ಬ್ಯಾಡ, ಎಲ್ಲಾರೂ ಕೂಡಿ ಸಂಘ ಕಟ್ಟೂಣು ಅಂದಾವರು ಅಮೆರಿಕಾದ ಅಧ್ಯಕ್ಷರು. ಸಂಘ ಆತು. ಅವರ ದೇಶನ ಬರಲಿಲ್ಲ! ಲಗ್ನ ಗೊತ್ತು ಮಾಡಿದ ಹಿರ್ಯಾನ ಮನ್ಯಾವರ ಲಗ್ನಕ್ಕ ಬರಲಿಲ್ಲಂದ್ರ ಅವಗ ಹೆಂಗಾಗಬ್ಯಾಡ?" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತಿತ್ತು. ಅವರ ಕೈಯಲ್ಲಿ ಕಲಿತವರಿಗೆಲ್ಲ ಭಾರತದ ಸ್ವಾತಂತ್ರ್ಯ ಸಿಕ್ಕಿದ್ದು ಪರೀಕ್ಷೆ ಮುಗಿದ ಮೇಲೆಯೇ!

ಪಾಠ ಹೇಳಿ ಸುಮ್ಮನಿದ್ದರೆ ಅವರು ಕಾಕಾ ಹೇಗಾದಾರು? ನಮ್ಮ ಓಣಿಯ ನಳಕ್ಕೆ ವಾರಕ್ಕೊಮ್ಮೆ ನೀರು. ಬಂದ ದಿನ ಕೊಡಗಳ ಮಹಾಯುದ್ಧ. ಕಾಕಾ ವಿಶ್ವಸಂಸ್ಥೆಯಂತೆಯೇ ಒಂದು ನಳದ ಸಂಘ ಕಟ್ಟಿದರು. ಎಲ್ಲರಿಗಿಂತ ಹೆಚ್ಚು ಜಗಳಾಡುವ ಐದು ಮನೆಗಳು ಕಾಯಂ ಸದಸ್ಯರು. ಅವರಲ್ಲಿ ಒಬ್ಬರು "ಒಲ್ಲೆ" ಎಂದರೂ ಠರಾವು ಬಿತ್ತು!

"ಜಗಳಗಂಟರಿಗೇ ಯಾಕ್ರಿ ಈ ಮರ್ಯಾದಿ?" ಎಂದರು ಕಾಕಾ ಅವರ ಹೆಂಡತಿ, ನಮ್ಮ ಕಾಕು.

"ಹೊರಗ ಬಿಟ್ರ ಸಂಘಾನ ಮುರೀತಾರ. ಅಲ್ಲೂ ಹಂಗ ಐತಿ."

ಮೊದಲ ಕೊಡ ಯಾರದು ಎಂಬ ಠರಾವಿಗೆ ಮಗ್ಗದ ಹುಸೇನಸಾಬರು ಒಲ್ಲೆ ಎಂದರು. ಅವರು ಒಪ್ಪುವ ಹೊತ್ತಿಗೆ ಎದುರುಮನೆ ಗೌರಕ್ಕ ಒಲ್ಲೆ ಎಂದಳು. ಅಂತೂ ಐವರೂ ಒಪ್ಪಿದರು, ಚಪ್ಪಾಳೆಯೂ ಬಿತ್ತು. ಆಗ ನೋಡಿದರೆ ನಳ ನಿಂತೇ ಹೋಗಿತ್ತು! "ಇರಲಿ, ಯಾರ ತಲೀನೂ ಒಡೀಲಿಲ್ಲಲ್ಲ" ಎಂದು ಕಾಕಾ ಖಾಲಿ ಕೊಡ ಹಿಡಿದು ಖುಷಿಯಿಂದ ಮನೆಗೆ ಬಂದರು.

ಓಣಿಯವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ನನಗೇನು ನಗುವ ಹಕ್ಕಿತ್ತು? ನನ್ನ ಲಗ್ನಪತ್ರಿಕೆಯನ್ನು ಅಚ್ಚಿಗೆ ಕೊಡುವ ಅವಸರದಲ್ಲಿ ಲಕ್ಷ್ಮೇಶ್ವರದ ಅಣ್ಣನ ಹೆಸರು ಬರೆಯುವುದನ್ನೇ ಮರೆತಿದ್ದೆ. "ಪತ್ರಿಕಿಯೊಳಗ ಇಲ್ಲದಾಂವ ಹಂದರದಾಗ ಯಾಕ?" ಎಂದು ಅಣ್ಣ ಲಗ್ನಕ್ಕೆ ಬರಲಿಲ್ಲ. ಕೈತಪ್ಪಿಗೆ ಇಷ್ಟು ಸಿಟ್ಟೇ ಎಂದು ನನಗೂ ಸಿಟ್ಟು. ನಾಲ್ಕು ವರ್ಷ ಮಾತಿಲ್ಲ.

ಕಾಕಾ ನಮ್ಮ ಶರತ್ತುಗಳನ್ನು ಹೊತ್ತು ಬೆಟಗೇರಿಗೂ ಲಕ್ಷ್ಮೇಶ್ವರಕ್ಕೂ ಬಸ್ಸಿನಲ್ಲಿ ತಿರುಗಿದರು. "ಮೊದಲ ಅವನ ಬರಲಿ ಅಂತ ಇಬ್ಬರದೂ ಒಂದ ಶರತ್ತು! ಇಷ್ಟು ಒಮ್ಮತ ಜಗತ್ತಿನ್ಯಾಗ ಎಲ್ಲೂ ಇಲ್ಲಲೇ!" ಎಂದರು. ಕೊನೆಗೆ ಇಬ್ಬರ ಊರೂ ಅಲ್ಲದ ಶಿರಹಟ್ಟಿಯ ಬಸ್‌ಸ್ಟ್ಯಾಂಡಿನ ಹೋಟೆಲ್ ಗೊತ್ತಾಯಿತು. "ಅದ ನಮ್ಮ ಜಿನೀವಾ. ರವಿವಾರ ಬಾ" ಎಂದರು ಕಾಕಾ.

ರವಿವಾರ ಪಕ್ಕದ ಗದಗಿನ ಸ್ಟ್ಯಾಂಡಿಗೆ ಹೋದೆ. ಶಿರಹಟ್ಟಿ ಬಸ್ಸು ಎದುರಿಗೇ ನಿಂತಿತ್ತು. ಅಣ್ಣನಂತೂ ಬರುವವನಲ್ಲ, ನಾನೇಕೆ ಸಣ್ಣವನಾಗಲಿ ಎನಿಸಿತು. ಮನೆಗೆ ತಿರುಗಿ ಬಂದೆ.

ಸಂಜೆ ಕಾಕಾ ಬಂದರು. ಬೈಯುತ್ತಾರೆಂದು ಕಾದೆ. "ಅವನೂ ಬರಲಿಲ್ಲಪಾ. ಸಭಾ ಮುಂದಕ್ಕ ಹೋತು, ಅಷ್ಟ" ಎಂದರು. ನನ್ನ ಅಂದಾಜು ಖರೆಯಾಯಿತೆಂದು ನಾನು ಹಿಗ್ಗಿದೆ, ನೋಡಿ! ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಸಭೆ ಮತ್ತೆ ಸೇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಾಕಾ ತೀರಿಕೊಂಡರು. ಮೂರನೆಯ ದಿನ ಅವರ ಮನೆಯ ಕಟ್ಟೆಯ ಮೇಲೆ ಅಣ್ಣ ತಾನಾಗಿಯೇ ನನ್ನ ಪಕ್ಕ ಬಂದು ಕುಳಿತ.

"ಅವತ್ತ ನಿನ್ನ ಬಸ್ ಕೆಟ್ಟು ನಿಂತಿತ್ತಂತಲ್ಲ? ಕಾಕಾ ಮೂರು ಚಹಾ ಹೇಳಿದ್ರು. ನಿಂದು ಆರಿತು. ಮತ್ತೊಂದು ಹೇಳಿದ್ರು. ಅದೂ ಆರಿತು."

ಅಂದರೆ ಅಣ್ಣ ಬಂದು ಕಾದಿದ್ದ! ಪಾಠದಲ್ಲಿ ಒಪ್ಪಂದವೊಂದರ ತಾರೀಖು ತಪ್ಪಿದರೂ ಊಟ ಬಿಡುತ್ತಿದ್ದ ಮಾಸ್ತರು, ನಮ್ಮಿಬ್ಬರಿಗೂ ಒಂದೊಂದು ಸುಳ್ಳು ಹೇಳಿ ಹೋಗಿದ್ದರು.

"ಬಸ್ ಕೆಟ್ಟಿರಲಿಲ್ಲ ಅಣ್ಣಾ. ನಾನ ಹತ್ತಲಿಲ್ಲ."

"ಗೊತ್ತಿತ್ತಲೇ ತಮ್ಮಾ. ಕಾಕಾಗ ಸುಳ್ಳು ಹೇಳಾಕ ಎಲ್ಲಿ ಬರತಿತ್ತು?" ಎಂದು ಅಣ್ಣ ತನ್ನ ಕೈಯಲ್ಲಿದ್ದ ಚಹಾವನ್ನು ನನಗೆ ಕೊಟ್ಟ. ಅದಿನ್ನೂ ಬಿಸಿಯಾಗಿತ್ತು. ಅದನ್ನು ನೋಡಬೇಕಾಗಿದ್ದವರು ಮಾತ್ರ ಇರಲಿಲ್ಲ.