ಕುವೈತಿಗೆ ಬಂದ ಮಂಜುಗಡ್ಡೆ ರೋಬೋಟ್

ಕುವೈತಿನಲ್ಲಿ ನಾನು ಮಂಜುಗಡ್ಡೆ ತೆಗೆಯುವ ಕೆಲಸದಲ್ಲಿದ್ದೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅಂಥ ಕೆಲಸ ಹಿಡಿದವನನ್ನು ನಗೆಪಾಟಲು ಹುಡುಕಿಕೊಂಡೇ ಬರುತ್ತದೆ.

ನಮ್ಮ ಮುದೀರ್, ಅಂದರೆ ಕಂಪೆನಿಯ ಯಜಮಾನರು, ಯಾವುದೋ ಚಳಿದೇಶದ ಪ್ರದರ್ಶನದಲ್ಲಿ ಒಂದು ರೋಬೋಟ್ ಕಂಡು ಮರುಳಾಗಿ ತಂದಿದ್ದರು. ಸೇತುವೆಯ ಉಕ್ಕಿನ ಕೇಬಲನ್ನು ತಬ್ಬಿಕೊಂಡು ಹತ್ತಿ, ಅದಕ್ಕಂಟಿದ ಮಂಜುಗಡ್ಡೆಯನ್ನು ಕೆರೆದು ಬೀಳಿಸುವ ಯಂತ್ರ ಅದು. "ಮಂಜುಗಡ್ಡೆಯನ್ನೇ ಬಿಡದ್ದು ನಮ್ಮ ಧೂಳನ್ನು ಬಿಡುತ್ತದೆಯೇ?" ಎಂಬುದು ಅವರ ವಾದ. ಅದನ್ನು ಹತ್ತಿಸಿ ಇಳಿಸುವ ಇಂಜಿನಿಯರ್ ನಾನು.

ಅಮ್ಮನ ಚಿಂತೆ

ಕುವೈತಿನ ಖೈತಾನ್ ಬಡಾವಣೆಯ ನನ್ನ ರೂಮಿನಿಂದ ಉಡುಪಿಗೆ ಫೋನ್ ಮಾಡಿದೆ.

"ಹೊಸ ಕೆಲಸ ಎಂತದು ಮಗ?"

"ಸೇತುವೆಯ ಮಂಜುಗಡ್ಡೆ ತೆಗೆಯುವುದು ಅಮ್ಮ."

ಅಮ್ಮ ಮೆಲ್ಲಗೆ ಕೇಳಿದರು: "ಬಿಸಿಲಿಗೆ ತಲೆಗೊಂದು ಟೊಪ್ಪಿ ಹಾಕ್ತೀಯಲ್ಲ ಮಗ?"

ಪ್ರಾಮಾಣಿಕ ಕೆಲಸಗಾರ

ವಫ್ರಾ ರಸ್ತೆಯ ನಮ್ಮ ಯಾರ್ಡಿನಲ್ಲಿ ಎರಡು ಕೇಬಲ್‌ಗಳನ್ನು ಓರೆಯಾಗಿ ಬಿಗಿದು ಪರೀಕ್ಷೆ ಶುರುಮಾಡಿದೆವು. ರೋಬೋಟ್ ಒಂದಾಳೆತ್ತರ ಹತ್ತಿತು, ನಿಂತಿತು, 'ಮಂಜುಗಡ್ಡೆ ಇಲ್ಲ' ಎಂದು ಪರದೆಯಲ್ಲಿ ತೋರಿಸಿ ತಾನಾಗಿಯೇ ಇಳಿದು ಬಂತು. ಮತ್ತೆ ಹತ್ತಿಸಿದರೂ ಅದೇ ಕಥೆ. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಮುದೀರ್ ನಮ್ಮೆಲ್ಲರನ್ನೂ ಒಮ್ಮೆ ನೋಡಿದರು.

"ನೋಡಿ ಕಲಿಯಿರಿ. ಕೆಲಸ ಇಲ್ಲ ಅಂತ ಗೊತ್ತಾದ ಕೂಡಲೇ ಕೆಳಗಿಳಿದು ಬಂದದ್ದು ಈ ಕಂಪೆನಿಯಲ್ಲಿ ಇದೊಂದೇ!"

ಇಕಾಮಾ ಉಳಿಸಿದ ಬೆಕ್ಕು

ಸೇತುವೆ ಗುತ್ತಿಗೆದಾರರೊಬ್ಬರು ಯಂತ್ರ ನೋಡಲು ಬರುವವರಿದ್ದರು. "ಅವರಿಗೆ ಹಿಡಿಸದಿದ್ದರೆ ಯಂತ್ರವೂ ಖಲಾಸ್, ನಿನ್ನ ಇಕಾಮಾವೂ ಖಲಾಸ್," ಎಂದರು ಮುದೀರ್. ವಾಸದ ಪರವಾನಗಿಯೇ ಹೋದರೆ ನಾನು ನೇರ ಊರಿಗೆ! ಮೀನು ಮಾರ್ಕೆಟ್ಟಿನಿಂದ ಐಸ್ ತರಿಸಿ, ಎರಡೂ ಕೇಬಲ್‌ಗಳಿಗೆ ಮೆತ್ತಿ, ಕರಗದಿರಲೆಂದು ಗೋಣಿ ಸುತ್ತಿದೆವು.

ಅತಿಥಿ ತಡವಾಗಿ ಬಂದರು. ಮೊದಲ ಕೇಬಲ್‌ನ ಗೋಣಿ ಬಿಚ್ಚಿದರೆ ಐಸೆಲ್ಲ ನೀರು. ರೋಬೋಟ್ ಹತ್ತಿದಷ್ಟೇ ಬೇಗ ಇಳಿದು ಬಂತು.

ಅಷ್ಟರಲ್ಲಿ ಮೀನಿನ ವಾಸನೆ ಹಿಡಿದು ಬಂದ ದಡಿಯ ಬೆಕ್ಕೊಂದು, ನೆರಳಿನಲ್ಲಿದ್ದ ಎರಡನೇ ಕೇಬಲ್‌ನ ಗೋಣಿಗೆ ಉಗುರೂರಿ ಸರಸರನೆ ತುದಿಯವರೆಗೆ ಹತ್ತಿತು. ಗೋಣಿ ಹರಿದು, ಉಳಿದಿದ್ದ ಐಸನ್ನು ಪರಪರ ಕೆರೆದು ಅತಿಥಿಯ ಕಾಲ ಬಳಿಗೇ ಬೀಳಿಸಿತು.

ಅತಿಥಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಷ್ಟು ನಗಿಸಿದ್ದಕ್ಕಾದರೂ ಧೂಳು ತೆಗೆಯಲು ನಿಮ್ಮ ಯಂತ್ರಕ್ಕೆ ಒಂದು ಟ್ರಯಲ್ ಕೊಡುತ್ತೇನೆ," ಎಂದರು. ನನಗೆ ಹೋದ ಜೀವ ಬಂತು. ಆಮೇಲೆ ಅವರು ಬೆಕ್ಕಿನತ್ತ ಕೈ ತೋರಿಸಿದರು: "ಅದಿರಲಿ, ಇದೂ ನಿಮ್ಮ ಕಂಪೆನಿಯದ್ದೇ?"

ಮುದೀರ್ ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. "ಹೌದು, ಹೊಸ ಮಾಡೆಲ್. ಕರೆಂಟ್ ಬೇಡ, ದಿನಕ್ಕೊಂದು ಮೀನು ಸಾಕು."