ತಾನೇ ಬಡಿದುಕೊಳ್ಳುವ ಬಾಗಿಲು

ಇಷ್ಟಕ್ಕೆಲ್ಲ ಮೂಲ ಒಂದು ದವಡೆ ಹಲ್ಲು. ತಿಂಗಳ ಹಿಂದೆ ಹಲ್ಲಿನ ಡಾಕ್ಟರ ಹತ್ತಿರ ಎರಡು ಗಂಟೆ ಕಾಯಬೇಕಾಗಿ ಬಂದಾಗ, ಕೊಡೆ ಗುಮಾಸ್ತರ ನರಳಾಟ ಕೇಳಲಾರದೆ ಅವರ ಮಗಳು ಅವರ ಫೋನಿಗೆ ಒಂದು ಆಟ ಹಾಕಿಕೊಟ್ಟಳು. "ಅಪ್ಪಾ, ಇದು ಹೆದರಿಸೋ ಆಟ. ಹೆದರಿಕೇಲಿ ನೋವು ಮರೆತುಹೋಗುತ್ತೆ," ಎಂದಳು. ನೋವು ಮರೆತುಹೋಯಿತು, ಸ್ವಲ್ಪ ಹೊತ್ತಿಗೆ ಹಲ್ಲೂ ಹೋಯಿತು. ಆಟ ಮಾತ್ರ ಉಳಿದುಕೊಂಡಿತು.

ಆಟದೊಳಗೆ ಒಂದು ವಿಚಿತ್ರ ಮನೆ. ಅದರ ಗೋಡೆಗಳು ಉಸಿರಾಡುತ್ತವೆ. ಮೆಟ್ಟಿಲು ಹತ್ತಿ ಹೋದವರು ಕೆಳಗೆ ತಲುಪುತ್ತಾರೆ. ಸ್ನಾನದ ತೊಟ್ಟಿಯಲ್ಲಿ ಒಂದು ಮೀನು ಸದಾ ಬಿಕ್ಕಿ ಬಿಕ್ಕಿ ಅಳುತ್ತಿರುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಗಡಿಯಾರವಿರುವ ಒಬ್ಬ ಹೆಂಗಸು, ಉದ್ದನೆಯ ಒದ್ದೆ ಕೋಟು ತೊಟ್ಟು ಕಾರಿಡಾರಿನುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ಓಡಾಡುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಫೋನು ಬಿಸಾಕಿ ಓಡುತ್ತಿದ್ದರು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡರು: 'ಓಡಿದರೆ ಅಟ್ಟಿಸಿಕೊಂಡು ಬರುತ್ತಾಳೆ. ಅಲ್ಲಾಡದೆ ನಿಂತರೆ ಹಾದುಹೋಗುತ್ತಾಳೆ.' ಐವತ್ತೆರಡು ವರ್ಷದ ಬದುಕಿನಲ್ಲಿ ಇಷ್ಟು ಉಪಯೋಗದ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೇ ಮಹಡಿಯಲ್ಲಿ ಒಂದು ಬಾಗಿಲಿತ್ತು. ಅದು ಒಳಗಿನಿಂದ ಟಕ್ ಟಕ್ ಎಂದು ತಾನೇ ಬಡಿದುಕೊಳ್ಳುತ್ತಿತ್ತು. ಅದರ ಮುಂದೆ ನಿಂತಾಗಲೆಲ್ಲ ಗುಮಾಸ್ತರು ಹಿಂದಕ್ಕೆ ತಿರುಗಿಬಿಡುತ್ತಿದ್ದರು. ಇದನ್ನೂ ಪುಸ್ತಕದಲ್ಲಿ ಬರೆದುಕೊಂಡರು: 'ತಾನೇ ಬಡಿದುಕೊಳ್ಳುವ ಬಾಗಿಲನ್ನು ತೆಗೆಯಬಾರದು.' ಒಂದು ತಿಂಗಳಿಂದ ಅವರು ಅದೇ ಮಹಡಿಯಲ್ಲಿ ಸುತ್ತುತ್ತಿದ್ದರು.

"ಅಪ್ಪಾ, ಅದು ಆಟ. ಪಾಠ ಅಲ್ಲ," ಎಂದಳು ಮಗಳು.

"ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ," ಎಂದರು ಗುಮಾಸ್ತರು.

ಗುಮಾಸ್ತರ ಕೆಲಸ ಬಸ್ ನಿಲ್ದಾಣದ ನೆಲಮಾಳಿಗೆಯಲ್ಲಿ. ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನೆಲ್ಲ ಅಲ್ಲಿಗೆ ಬರುತ್ತದೆ. ಒಂಟಿ ಚಪ್ಪಲಿ, ತಂತಿ ಹರಿದ ಪಿಟೀಲು, ನಗುತ್ತಿರುವ ಹಲ್ಲಿನ ಸೆಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಕೊಡೆಗಳು. ಮುನ್ನೂರು ಕೊಡೆಗಳು ಸೂರಿನಿಂದ ಬಾವಲಿಗಳ ಹಾಗೆ ತೂಗಾಡುತ್ತಿದ್ದವು. ಹದಿನಾಲ್ಕು ವರ್ಷದಿಂದ ಗುಮಾಸ್ತರು ಅವುಗಳ ಕೆಳಗೆ, ಹಗಲೂ ದೀಪ ಹಾಕಿಕೊಂಡು ಕೂತಿದ್ದರು; ಅದಕ್ಕೇ ಅವರಿಗೆ ಕೊಡೆ ಗುಮಾಸ್ತರೆಂಬ ಹೆಸರು. ಆ ಕೋಣೆಗೆ ಕಿಟಕಿ ಇರಲಿಲ್ಲ.

ಕಿಟಕಿ ಇದ್ದದ್ದು ಮೊದಲ ಮಹಡಿಯ ವಿಚಾರಣೆ ಕೌಂಟರಿನಲ್ಲಿ. ಕುರ್ಚಿಯ ಪಕ್ಕದಲ್ಲೇ ದೊಡ್ಡ ಕಿಟಕಿ, ಆಚೆಗೆ ಒಂದು ಮರ, ಮರದ ಮೇಲೆ ಬೇಕಾದಷ್ಟು ಆಕಾಶ. ಆ ಕುರ್ಚಿಯವರು ಹೋದ ವಾರ ನಿವೃತ್ತರಾಗಿದ್ದರು. ಬೇಕಾದವರು ಇವತ್ತು ಸಂಜೆ ಐದರೊಳಗೆ ಖುದ್ದಾಗಿ ಬಂದು ಕೇಳಬೇಕು ಎಂದು ಹೊಸ ಮ್ಯಾನೇಜರ್ ಮೇಡಂ ನೋಟೀಸು ಹಾಕಿಸಿದ್ದರು.

"ಇವತ್ತಾದ್ರೂ ಬಾಯಿಬಿಟ್ಟು ಕೇಳ್ರೀ," ಎಂದಳು ಹೆಂಡತಿ ಬೆಳಿಗ್ಗೆ. "ಹದಿನಾಲ್ಕು ವರ್ಷದಲ್ಲಿ ಬಿಸಿಲು ಕಾಣದೆ ಬಿಳಚಿಕೊಂಡುಬಿಟ್ಟಿದ್ದೀರಿ."

"ಕೇಳ್ತೀನಿ," ಎಂದರು ಗುಮಾಸ್ತರು. ನಿಜಕ್ಕೂ ಕೇಳುವ ಮನಸ್ಸಿತ್ತು. ಆ ಕಿಟಕಿ ಅವರಿಗೆ ನಿದ್ದೆಯಲ್ಲೂ ಕಾಣುತ್ತಿತ್ತು.

ಮೆಟ್ಟಿಲಿಳಿಯುವಾಗ ಕೆಳಮನೆಯ ಟೀಚರಮ್ಮ ಅಡ್ಡ ಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಅವರ ಪಾಲಿಗೆ ಇಡೀ ಕಟ್ಟಡವೇ ಇನ್ನೂ ಒಂದು ತರಗತಿ. ಕೈಯಲ್ಲಿ ದೊಡ್ಡ ಗೋಡೆ ಗಡಿಯಾರ. "ನೋಡಪ್ಪ, ಇದು ನಿಂತುಬಿಟ್ಟಿದೆ. ನಿನ್ನ ಆಫೀಸಿನ ಪಕ್ಕದಲ್ಲೇ ರಿಪೇರಿ ಅಂಗಡಿ ಇದೆಯಲ್ಲ, ಕೊಟ್ಟು, ನಿಂತು ಮಾಡಿಸ್ಕೊಂಡು ಬಾ."

ಬೇರೆ ದಿನವಾಗಿದ್ದರೆ ಗುಮಾಸ್ತರು ಗಡಿಯಾರವನ್ನು ಮಗುವಿನಂತೆ ಅಪ್ಪಿಕೊಂಡು ಹೊರಟಿರುತ್ತಿದ್ದರು. ಇವತ್ತು ಪುಸ್ತಕದ ಮೊದಲ ಪಾಠ ನೆನಪಾಯಿತು. ಅವರು ಅಲ್ಲಾಡದೆ ನಿಂತರು. ಕಣ್ಣು ಮಿಟುಕಿಸಲಿಲ್ಲ.

"ಕೇಳಿಸ್ತಾ?" ಎಂದರು ಟೀಚರಮ್ಮ. ಗುಮಾಸ್ತರು ಕಂಬದಂತೆ ನಿಂತೇ ಇದ್ದರು. ಟೀಚರಮ್ಮ ಒಂದು ಹೆಜ್ಜೆ ಹಿಂದೆ ಸರಿದರು, ಮತ್ತೊಂದು ಹೆಜ್ಜೆ ಸರಿದರು, ಕೊನೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಗುಮಾಸ್ತರಿಗೆ ಬೀದಿಯಲ್ಲಿ ಕಾಲು ನೆಲಕ್ಕೆ ತಾಗಲಿಲ್ಲ. ಬೆಳಗಿನ ಮಂಜಿನಲ್ಲಿ ಅಂಗಡಿಗಳೂ ದೀಪದ ಕಂಬಗಳೂ ನೀರಿನೊಳಗೆ ನಿಂತಂತೆ ಕಾಣುತ್ತಿದ್ದವು. ಇಷ್ಟು ಸುಲಭವೇ, ಇಷ್ಟು ವರ್ಷ ನಾನೇಕೆ ಓಡುತ್ತಿದ್ದೆ ಎಂದು ಅವರಿಗೆ ಖುಷಿಯೂ ಸಂಕಟವೂ ಒಟ್ಟಿಗೇ ಆಯಿತು.

ಹನ್ನೊಂದು ಗಂಟೆಗೆ ಒಬ್ಬ ದಪ್ಪ ಮೀಸೆಯ ಮನುಷ್ಯ ನೆಲಮಾಳಿಗೆಗೆ ನುಗ್ಗಿ ಮೇಜು ಗುದ್ದಿದ. "ನನ್ನ ಸೂಟ್‌ಕೇಸ್ ಎಲ್ರೀ? ಎಲ್ಲಾ ನುಂಗಿ ನೀರು ಕುಡಿದುಬಿಟ್ರಾ?" ಗುಮಾಸ್ತರು ಅಲ್ಲಾಡಲಿಲ್ಲ. ಮೀಸೆಯವನು ಕೂಗಿದ, ದಣಿದ, ಸ್ಟೂಲಿನ ಮೇಲೆ ಕೂತ. ತುಸು ಹೊತ್ತು ಕೊಡೆಗಳನ್ನು ನೋಡುತ್ತಿದ್ದು, "ತಂಗಿ ಮನೇಲೇ ಬಿಟ್ಟುಬಂದೆ ಅನ್ಸುತ್ತೆ," ಎಂದು ಮೆಲ್ಲಗೆ ಎದ್ದುಹೋದ.

ಅಷ್ಟರಲ್ಲಿ ಟೀಚರಮ್ಮ ಸುಮ್ಮನೆ ಕೂತಿರಲಿಲ್ಲ. ಗುಮಾಸ್ತರಿಗೆ ಏನೋ ಆಗಿದೆ, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು ಎಂದು ಅವರ ಹೆಂಡತಿಗೆ ಹೇಳಿದರು. ಹೆಂಡತಿ ಗಾಬರಿಯಿಂದ ಆಫೀಸಿಗೆ ಫೋನು ಮಾಡಿದಳು. ಫೋನು ಎತ್ತಿಕೊಂಡವರು ಟಿಕೆಟ್ ವಿಭಾಗದ ಮೈಕು. ದೊಡ್ಡ ಗಂಟಲಿನಿಂದಾಗಿ ಅವರಿಗೆ ಆ ಹೆಸರು. ಅವರು ಒಂದು ಮಾತು ಹೇಳಿದರೆ ಮೂರು ಮಹಡಿಗೂ ಸುದ್ದಿ.

ಎರಡು ನಿಮಿಷದಲ್ಲಿ ನೆಲಮಾಳಿಗೆ ತುಂಬಿಹೋಯಿತು. ಪ್ರಥಮ ಚಿಕಿತ್ಸೆ ಕಲಿತಿದ್ದ ಒಬ್ಬ ಡ್ರೈವರು, ಕಲಿತದ್ದನ್ನು ತೋರಿಸಲು ಆರು ವರ್ಷದಿಂದ ಕಾದಿದ್ದವರು, ಗುಮಾಸ್ತರ ಕಣ್ಣಿಗೆ ಟಾರ್ಚು ಬಿಟ್ಟರು. "ಸಾರ್, ನನ್ನ ಬೆರಳು ಕಾಣ್ತಿದ್ಯಾ?"

ಗುಮಾಸ್ತರು ಮತ್ತೆ ಅಲ್ಲಾಡದೆ ನಿಂತರು. ಈ ಸಲ ಯಾರೂ ಹಾದುಹೋಗಲಿಲ್ಲ.

"ಮಾತೂ ನಿಂತುಹೋಗಿದೆ," ಎಂದರು ಡ್ರೈವರು ಸಂತೋಷದಿಂದ. "ಮಲಗಿಸ್ರಿ. ಕಾಲು ಮೇಲೆ ಮಾಡಿ."

ನಾನು ಚೆನ್ನಾಗೇ ಇದ್ದೀನಿ ಎಂದು ಗುಮಾಸ್ತರು ಆಮೇಲೆ ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಬೆಂಚಿನ ಮೇಲೆ ಮಲಗಿಸಿ, ಕಾಲಡಿಗೆ ವಾರಸುದಾರರಿಲ್ಲದ ನಾಲ್ಕು ದಿಂಬು ಇಟ್ಟು, ಏಳಬಾರದೆಂದು ಆಜ್ಞೆ ಮಾಡಿ ಹೋದರು. ಮೇಲೆ ಮುನ್ನೂರು ಕೊಡೆಗಳು ಮೆಲ್ಲಗೆ ಓಲಾಡುತ್ತಿದ್ದವು. ನೋಡುತ್ತ ನೋಡುತ್ತ ಅವು ಒಂದೊಂದಾಗಿ ಬಿಚ್ಚಿಕೊಂಡವು, ಸೂರು ಮಾಯವಾಯಿತು, ಅಲ್ಲೊಂದು ಮರ ಬಂತು. ಗುಮಾಸ್ತರು ಆ ಮರದ ಕೆಳಗೆ ಹಾಯಾಗಿ ಕೂತು, ಬಸ್ಸಿನ ವೇಳೆ ಕೇಳಿದ ಅಳುವ ಮೀನಿಗೆ ಉತ್ತರ ಹೇಳುತ್ತಿದ್ದರು.

ಎಚ್ಚರವಾದಾಗ ನಾಲ್ಕೂಕಾಲು.

ತಲೆಗೂದಲು ಕೈಯಲ್ಲೇ ಬಾಚಿಕೊಂಡು ಮೂರನೇ ಮಹಡಿಗೆ ಹತ್ತಿದರು. ಉದ್ದನೆಯ ಕಾರಿಡಾರು. ಎರಡೂ ಕಡೆ ಒಂದೇ ಬಣ್ಣದ ಬಾಗಿಲುಗಳು. ಒಂದು ಟ್ಯೂಬ್‌ಲೈಟು ಹತ್ತಿ ಆರಿ ಮಾಡುತ್ತಿತ್ತು. ಎಲ್ಲೋ ನೋಡಿದ ಜಾಗ ಎನಿಸಿತು ಗುಮಾಸ್ತರಿಗೆ. ಕೊನೆಯಲ್ಲಿ ಮೇಡಂ ಕೋಣೆ. ಅದರ ಮುಂದೆ ನಿಂತು, ಬಡಿಯಲೆಂದು ಕೈ ಎತ್ತಿದರು.

ಟಕ್ ಟಕ್ ಟಕ್ ಎಂದು ಬಾಗಿಲು ತಾನೇ ಬಡಿದುಕೊಂಡಿತು.

ಗುಮಾಸ್ತರ ಕೈ ಗಾಳಿಯಲ್ಲೇ ನಿಂತಿತು. ಮತ್ತೆ ಟಕ್ ಟಕ್. ಎರಡನೇ ಪಾಠ ಮನಸ್ಸಿನಲ್ಲಿ ದೊಡ್ಡ ಅಕ್ಷರದಲ್ಲಿ ಮೂಡಿತು. ಅವರು ಉಸಿರು ಬಿಗಿಹಿಡಿದು, ಎರಡು ಕಾಲೂ ಜೋಡಿಸಿ, ಅಲ್ಲಾಡದೆ ನಿಂತುಬಿಟ್ಟರು. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಒಳಗೂ ಸದ್ದಿಲ್ಲ, ಹೊರಗೂ ಸದ್ದಿಲ್ಲ. ನಾಲ್ಕೂವರೆ ಆಯಿತು. ಐದಕ್ಕೆ ಹತ್ತು ನಿಮಿಷವಾಯಿತು. ಇನ್ನೇನು ಅದು ಹಾದುಹೋಗುತ್ತದೆ, ಆಮೇಲೆ ಒಳಗೆ ಹೋಗಿ ಕೇಳೋಣ ಎಂದುಕೊಂಡರು.

ಐದಕ್ಕೆ ಐದು ನಿಮಿಷವಿದ್ದಾಗ ಮೈಕು ಬಂದರು. "ಯಾಕ್ ಸಾರ್ ಎದ್ದು ಬಂದ್ರಿ, ಮಲಗೋದು ಬಿಟ್ಟು?" ಎನ್ನುತ್ತ ಹಿಡಿಕೆ ತಿರುಗಿಸಿದರು. ಬಾಗಿಲು ಜಗ್ಗಲಿಲ್ಲ. ಭುಜ ಕೊಟ್ಟು ಒಂದು ಸಲ ನೂಕಿದರು. ಬಾಗಿಲು ತೆರೆದುಕೊಂಡಿತು. ಒಳಗೆ ಮೇಡಂ ಬೆವರಿ ನೀರಾಗಿ, ಕೈಯಲ್ಲಿ ರೂಲುದೊಣ್ಣೆ ಹಿಡಿದು ನಿಂತಿದ್ದರು.

"ಚಿಲಕ ಸಿಕ್ಕಿಹಾಕಿಕೊಂಡು ಒಂದು ಗಂಟೆಯಾಯ್ತು," ಎಂದರು ಮೇಡಂ. "ಫೋನಲ್ಲಿ ಚಾರ್ಜ್ ಇರಲಿಲ್ಲ. ದೇವರು ಬಂದ ಹಾಗೆ ಬಂದ್ರಿ. ಏನು, ಕಿಟಕಿ ಕೌಂಟರ್ ಕೇಳೋಕಾ? ತಗೊಳ್ಳಿ, ನಿಮಗೇ."

ಮೈಕು ಬಾಯಿ ತೆರೆಯುವ ಮೊದಲೇ ಕಿಟಕಿ ಅವರದಾಯಿತು. ಬಾಯಿ ತೆರೆಯದೆ ಅವರಿಗೆ ಏನಾದರೂ ಸಿಕ್ಕಿದ್ದು ಅದೇ ಮೊದಲು. ಮೇಡಂ ಗುಮಾಸ್ತರ ಕಪ್ಪು ಬೂಟುಗಳನ್ನೇ ನೋಡುತ್ತಿದ್ದರು.

ಆರು ಗಂಟೆಗೆ ಹೊರಗೆ ಮಳೆ ಶುರುವಾದಾಗ ಮೇಡಂ ನೆಲಮಾಳಿಗೆಗೆ ಇಳಿದು ಬಂದರು. "ಬಾಗಿಲ ಕೆಳಗಿನ ಸಂದಿಯಲ್ಲಿ ಕಂಡಿದ್ದು ನಿಮ್ಮ ಬೂಟಾ?"

"ಹೌದು ಮೇಡಂ," ಎಂದರು ಗುಮಾಸ್ತರು. "ನೀವು ಕೂಗಬಹುದಿತ್ತಲ್ಲ?"

ಮೇಡಂ ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಬಾಗಿಲಾಚೆ ಅಲ್ಲಾಡದ ಕಾಲು ಕಂಡ್ರೆ ಉಸಿರೆತ್ತಬಾರದು ಅಂತ… ನಾನೊಂದು ಆಟ ಆಡ್ತೀನಿ. ಅಳೋ ಮೀನು ಇರುತ್ತೆ."

ಗುಮಾಸ್ತರು ತಮ್ಮ ಫೋನು ತೆಗೆದು, ಅದೇ ಆಟ ತೆರೆದು ಮೇಜಿನ ಮೇಲಿಟ್ಟರು. "ಎಷ್ಟನೇ ಮಹಡಿ?" ಎಂದರು ಮೇಡಂ. "ಮೂರು," ಎಂದರು ಗುಮಾಸ್ತರು. "ನಾನೂ. ಒಂದು ತಿಂಗಳಾಯ್ತು."

ಆಗ ಮೈಕು ಕೊಡೆ ಕೇಳಲು ಬಂದರು. ಫೋನಿನೊಳಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. "ಯಾರೋ ಒಳಗಿದ್ದಾರಲ್ಲ ಸಾರ್, ತೆಗೀಬೇಕು ತಾನೇ?" ಎಂದು ದಪ್ಪ ಬೆರಳಿನಿಂದ ಒಂದು ಸಲ ಒತ್ತಿದರು. ಬಾಗಿಲು ತೆರೆಯಿತು. ಒಳಗೆ ಒಂದು ಖಾಲಿ ಕುರ್ಚಿ, ಪಕ್ಕದಲ್ಲಿ ದೊಡ್ಡ ಕಿಟಕಿ, ಆಚೆಗೆ ಮರ, ಮರದ ಮೇಲೆ ಆಕಾಶ. ಪರದೆಯ ಮೇಲೆ ಅಕ್ಷರಗಳು ಮೂಡಿದವು: ಹೊರಗೆ ಹೋಗುವ ದಾರಿ ಇದೊಂದೇ.

ಮೈಕು ಒಳ್ಳೆಯದೊಂದು ಕೊಡೆ ಆರಿಸಿಕೊಂಡು ಹೋದರು. ಗುಮಾಸ್ತರು ಆ ಪುಟ್ಟ ಕಿಟಕಿಯನ್ನು ಬಹಳ ಹೊತ್ತು ನೋಡಿದರು. ಅಳು ಬಂದಂತಾಯಿತು. ಆಮೇಲೆ ಪುಸ್ತಕ ತೆಗೆದು ಎರಡನೇ ಪಾಠ ಹೊಡೆದುಹಾಕಿ ಬರೆದರು: 'ಬಡಿಯುವ ಬಾಗಿಲನ್ನು ತಕ್ಷಣ ತೆಗೆಯಬೇಕು.'

ಮನೆಗೆ ಬಂದು ಒದ್ದೆ ಬೂಟು ಕಳಚುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

"ತೆಗೀಬೇಡಿ," ಎಂದು ಪಿಸುಗುಟ್ಟಿದಳು ಹೆಂಡತಿ. "ಸುಮ್ನಿರಪ್ಪಾ," ಎಂದಳು ಮಗಳು.

ಗುಮಾಸ್ತರು ಮುಗುಳ್ನಕ್ಕರು. ಒಂದೇ ದಿನದಲ್ಲಿ ಎರಡು ಸಲ ಅದೇ ತಪ್ಪು ಮಾಡುವ ಮನುಷ್ಯನಲ್ಲ ತಾನು. ದೃಢವಾಗಿ ಹೋಗಿ ಬಾಗಿಲು ತೆಗೆದರು.

ಹೊಸ್ತಿಲಾಚೆ ಉದ್ದನೆಯ ಒದ್ದೆ ಕೋಟು ತೊಟ್ಟ ಹೆಂಗಸು ನಿಂತಿದ್ದಳು. ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖದ ಜಾಗದಲ್ಲಿ ಗಡಿಯಾರವಿತ್ತು. ಗಡಿಯಾರ ಸರಿಯಾಗಿ ಐದು ಗಂಟೆಗೆ ನಿಂತಿತ್ತು.

ಗುಮಾಸ್ತರು ಅಲ್ಲಾಡದೆ ನಿಂತರು. ಅವಳು ಹಾದುಹೋಗಲಿಲ್ಲ.

ಗಡಿಯಾರ ಮೆಲ್ಲಗೆ ಕೆಳಗಿಳಿಯಿತು. "ಹುಷಾರಾದೆಯೇನಪ್ಪ?" ಎಂದರು ಟೀಚರಮ್ಮ, ರೇನ್‌ಕೋಟಿನ ಟೋಪಿ ಹಿಂದೆ ಸರಿಸುತ್ತ. "ಮಳೇಲಿ ನಾನೇ ಹೋದೆ, ಅಂಗಡಿ ಮುಚ್ಚಿತ್ತು. ನಾಳೆ ನೀನೇ ತಗೊಂಡು ಹೋಗು. ಹಾಗೇ ನನ್ನ ಇಸ್ತ್ರಿಪೆಟ್ಟಿಗೇನೂ ಇದೆ, ಮಿಕ್ಸೀನೂ ಇದೆ. ಕೈ ಚಾಚು."

ಗುಮಾಸ್ತರು ಎರಡೂ ಕೈ ಚಾಚಿದರು.